ಸೋಪು ಮೈಗಿರಲಿ, ಮುಖಕ್ಕೆ ಈ ಮೂರು ಸಾಕು

ಚಳ್ಳಕೆರೆಯಲ್ಲಿ ನಾನೊಂದು ಮೆಡಿಕಲ್ ಶಾಪ್ ನಡೆಸುತ್ತೇನೆ. ಓದಿದ್ದು ಡಿ.ಫಾರ್ಮ. ಅಂಗಡಿಗೆ ಬರುವವರು ಹೆಚ್ಚಾಗಿ ನೆಗಡಿಗೋ ಗ್ಯಾಸ್ಟ್ರಿಕ್ಕಿಗೋ ಬಿಪಿ ಮಾತ್ರೆಗೋ ಬಂದವರು. ಚಿಲ್ಲರೆ ಎಣಿಸಿಕೊಂಡು ಹೊರಡುವ ಹೊತ್ತಿಗೆ ದನಿ ತಗ್ಗಿಸಿ, "ಅಕ್ಕ, ಮುಖ ಒಂಥರಾ ಬಿಗ್ದಂಗಾಗ್ತತೆ, ಏನಾರ ಐತಾ?" ಅನ್ನುತ್ತಾರೆ. ಮುಖ ಏನು ಹಾಕಿ ತೊಳೀತೀರಿ ಅಂದರೆ ಸೋಪು. ಆಮೇಲೆ ಏನು ಹಚ್ತೀರಿ ಅಂದರೆ ಏನೂ ಇಲ್ಲ, ಇಲ್ಲವೇ ಪೌಡರು. ಮೈಗೆ ಹಾಕುವ ಸೋಪೇ ಮುಖಕ್ಕೆ, ಗಂಡಸರಾದರೆ ಗಡ್ಡಕ್ಕೂ ಅದೇ.

ಇವರಿಗೆಲ್ಲ ನಾನು ಹೇಳುವುದು ಮೂರೇ ಸಾಮಾನು. ಮುಖ ತೊಳೆಯಲು ಸೆಟಾಫಿಲ್ ಜೆಂಟಲ್ ಸ್ಕಿನ್ ಕ್ಲೆನ್ಸರ್, ಹಚ್ಚಿಕೊಳ್ಳಲು ನಿವಿಯಾ ಸಾಫ್ಟ್, ಬಿಸಿಲಿಗೆ ಲೋಟಸ್ ಹರ್ಬಲ್ಸ್‌ನವರ ಸೇಫ್ ಸನ್ ಮ್ಯಾಟ್ ಜೆಲ್ ಎಸ್‌ಪಿಎಫ್ 50 (ಎಸ್‌ಪಿಎಫ್ ಅಂದರೆ ಸುಡುವ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ). ಮೂರನ್ನೂ ನಾನೇ ಬಳಸುತ್ತೇನೆ, ಮನೆಯವರಿಗೂ ಕೊಟ್ಟಿದ್ದೇನೆ. ಅಂಗಡಿಯಲ್ಲಿ ಮಾರುತ್ತೇನೆ ಅನ್ನುವುದನ್ನೂ ಮೊದಲೇ ತಿಳಿಸಿಬಿಡುತ್ತೇನೆ. ನೀವು ನಿಮ್ಮೂರಿನ ಅಂಗಡಿಯಲ್ಲೇ ಕೊಳ್ಳಿ, ಇದೇ ಗುಣದ ಬೇರೆ ಕಂಪನಿಯದ್ದು ಸಿಕ್ಕರೆ ಅದನ್ನೇ ಕೊಳ್ಳಿ.

ಸೋಪಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಮ್ಮ ಮನೆ ಬಚ್ಚಲಲ್ಲಿ ಇವತ್ತಿಗೂ ಮೈಸೂರು ಸ್ಯಾಂಡಲ್ ಇದೆ, ಮುಂದೆಯೂ ಇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಎಸ್.ಜಿ. ಶಾಸ್ತ್ರಿ ಎಂಬ ರಸಾಯನ ವಿಜ್ಞಾನಿಯನ್ನು ವಿದೇಶಕ್ಕೆ ಕಳಿಸಿ ಸೋಪು ಮಾಡುವ ವಿದ್ಯೆ ಕಲಿಸಿ, ಆ ಎಣ್ಣೆಯಿಂದ ಸೋಪು ಮಾಡಿಸಿದರು. ಅಷ್ಟು ಶ್ರದ್ಧೆಯಿಂದ ಹುಟ್ಟಿದ ಸರಕು ಅದು, ಮೈಗೆ ಅದರಷ್ಟು ಖುಷಿ ಕೊಡುವ ಸೋಪು ನನಗೆ ಬೇರೆ ಕಂಡಿಲ್ಲ. ಆದರೆ ಮುಖದ ಚರ್ಮ ಬೆನ್ನಿನ ಚರ್ಮದಂತಲ್ಲ. ತೆಳ್ಳಗಿರುತ್ತದೆ, ದಿನವಿಡೀ ಬಟ್ಟೆಯ ಮರೆಯಿಲ್ಲದೆ ಬಿಸಿಲು ಗಾಳಿಗೆ ತೆರೆದುಕೊಂಡಿರುತ್ತದೆ.

ಸೋಪು ಅಂದರೆ ಎಣ್ಣೆ ಅಥವಾ ಕೊಬ್ಬು ಕ್ಷಾರದ ಜೊತೆ ಸೇರಿ ಆದ ಲವಣ. ಎಷ್ಟೇ ಒಳ್ಳೆಯ ಸೋಪಾದರೂ ಅದರ ಪಿಎಚ್, ಅಂದರೆ ಹುಳಿಯೋ ಕ್ಷಾರವೋ ಅಂತ ಅಳೆಯುವ ಅಂಕಿ, ಸುಮಾರು 9ರಿಂದ 10 ಇರುತ್ತದೆ. ಆರೋಗ್ಯವಾಗಿರುವ ಚರ್ಮದ ಮೇಲ್ಪದರದ್ದು 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಪಿಎಚ್‌ನಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ 5ಕ್ಕೂ 9ಕ್ಕೂ ನಡುವೆ ಹತ್ತು ಸಾವಿರ ಪಟ್ಟು ಅಂತರ. ಆ ಹುಳಿಯೂ ಚರ್ಮದ ಮೇಲಿನ ತೆಳು ಜಿಡ್ಡೂ ಸೇರಿಯೇ ಒಳಗಿನ ನೀರನ್ನು ಹಿಡಿದಿಡುವುದು. ಸೋಪು ಕೊಳೆಯ ಜೊತೆ ಈ ಜಿಡ್ಡನ್ನೂ ಎತ್ತಿಕೊಂಡು ಹೋಗುತ್ತದೆ. ತೊಳೆದ ಸ್ಟೀಲ್ ತಟ್ಟೆಯ ಹಾಗೆ ಕೆನ್ನೆ ಕಿರ್ರೆಂದರೆ ನಮ್ಮ ಜನಕ್ಕೆ ಸಮಾಧಾನ. ಆದರೆ ಆ ಬಿಗಿತ ಶುಭ್ರತೆಯದ್ದಲ್ಲ, ಚರ್ಮ ಒಣಗುತ್ತಿರುವುದರದ್ದು.

ಲೇಬಲ್ಲಿನ ಬಗ್ಗೆಯೂ ಒಂದು ಮಾತು. ಸೋಪಿನ ಕಾಗದದ ಮೇಲೆ ಟಿಎಫ್‌ಎಂ ಅಂತ ಇರುತ್ತದೆ, ಕೊಬ್ಬಿನ ಅಂಶ ಎಷ್ಟು ಅನ್ನುವ ಲೆಕ್ಕ. ನಮ್ಮ ದೇಶದ ಮಾನದಂಡದಲ್ಲಿ ಗ್ರೇಡ್ 1 ಅನ್ನಿಸಿಕೊಳ್ಳಲು ಶೇಕಡಾ 76 ಬೇಕು, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. 'ಬೇಥಿಂಗ್ ಬಾರ್' ಅಂತ ಬರೆದಿದ್ದರೆ 40 ಇದ್ದರೂ ನಡೆಯುತ್ತದೆ. ಮೈಗೆ ಕೊಳ್ಳುವಾಗ ಇದನ್ನು ನೋಡಿಯೇ ಕೊಳ್ಳಿ. ಆದರೆ ಗ್ರೇಡ್ 1 ಅಂದ ಮಾತ್ರಕ್ಕೆ ಕ್ಷಾರ ಹೋಗಿಬಿಡುವುದಿಲ್ಲ.

ಇನ್ನು ನಮ್ಮ ಕಡೆಯ ನೀರು. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಅರ್ಧ ತೊಂದರೆ ಇಲ್ಲೇ ಇದೆ. ನಮ್ಮ ಬೀದಿಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ, ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕೂರುತ್ತದೆ. ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಗಸಿಯಾಗುತ್ತದೆ. ಬಚ್ಚಲ ಕಲ್ಲಿನ ಮೇಲೆ ಬೂದು ಬಣ್ಣಕ್ಕೆ ಅಂಟಿಕೊಳ್ಳುತ್ತದಲ್ಲ, ಅದೇ. ಕಲ್ಲಿಗೆ ಅಂಟುವುದು ಕೆನ್ನೆಗೂ ಅಂಟುತ್ತದೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪು ಉಜ್ಜುತ್ತೇವೆ, ಗಸಿ ಇನ್ನಷ್ಟಾಗುತ್ತದೆ. ಇದರ ಮೇಲೆ ಆಷಾಢದ ಗಾಳಿ ಬೇರೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನೆಟ್ಟಿರುವುದು ಸುಮ್ಮನೆ ಅಲ್ಲವಲ್ಲ. ಆ ಗಾಳಿಯಲ್ಲಿ ಬೈಕ್ ಮೇಲೆ ಹಿರಿಯೂರಿಗೆ ಹೋಗಿಬಂದವರ ಮುಖ ನೋಡಿದರೆ ಗೊತ್ತಾಗುತ್ತದೆ, ಬಾಯಿಯ ಅಕ್ಕಪಕ್ಕ ಬೆಳ್ಳಗೆ ಹೊಪ್ಪಳೆ ಎದ್ದಿರುತ್ತದೆ.

ಸೆಟಾಫಿಲ್ ಈ ಜಾಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಸೋಪಲ್ಲ, ಹಾಗಾಗಿ ಗಡಸು ನೀರಲ್ಲೂ ಗಸಿ ಕಟ್ಟುವುದಿಲ್ಲ. 1947ರಲ್ಲಿ ಅಮೆರಿಕದಲ್ಲಿ ನನ್ನಂಥ ಒಬ್ಬ ಫಾರ್ಮಸಿಸ್ಟ್ ಮಾಡಿದ್ದಂತೆ ಮೊದಲು, ಅದಕ್ಕೇ ನನಗೆ ಅದರ ಮೇಲೆ ಸ್ವಲ್ಪ ಅಭಿಮಾನ ಹೆಚ್ಚು. ನೋಡಲು ತೆಳು ಗಂಜಿಯ ಹಾಗಿರುತ್ತದೆ, ಘಮ ಅನ್ನುವುದು ಇಲ್ಲವೇ ಇಲ್ಲ ಅನ್ನಬೇಕು. ಮುಖ ಒದ್ದೆ ಮಾಡಿಕೊಂಡು, ಒಂದು ರೂಪಾಯಿ ನಾಣ್ಯದಷ್ಟು ಅಂಗೈಗೆ ಹಾಕಿ, ಬೆರಳ ತುದಿಯಿಂದ ಅರ್ಧ ನಿಮಿಷ ತಿಕ್ಕಿ ತೊಳೆದರೆ ಆಯಿತು. ಮೂಗಿನ ಪಕ್ಕ, ಹಣೆಯಂಚು, ಗಡ್ಡದ ಬುಡ ಮರೆಯಬೇಡಿ. ನೀರಿಲ್ಲದ ಕಡೆ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿಕೊಂಡರೂ ನಡೆಯುತ್ತದೆ.

ಕೊಂಡುಹೋದವರ ಮೊದಲ ದೂರು ಒಂದೇ. "ನೊರೆನೇ ಬರಲ್ವಲ್ಲಕ್ಕ, ತೊಳ್ದಂಗೇ ಅನ್ಸಲ್ಲ." ನೊರೆಗೂ ಕೊಳೆ ಹೋಗುವುದಕ್ಕೂ ನಂಟಿಲ್ಲ ಅಂತ ಎಷ್ಟು ಹೇಳಿದರೂ ಕೈಗೆ ಅಭ್ಯಾಸವಾಗಲು ಒಂದೆರಡು ವಾರ ಬೇಕು. ಹೊಲದಿಂದ, ಎಣ್ಣೆ ಮಿಲ್ಲಿನಿಂದ, ಗ್ಯಾರೇಜಿನಿಂದ ಬಂದವರಿಗೆ ಒಂದು ಸಲಕ್ಕೆ ಸಾಲದಿರಬಹುದು. ಎರಡು ಸಲ ತೊಳೆಯಿರಿ, ಸೋಪಿಗೆ ಮಾತ್ರ ಹಿಂದಿರುಗಬೇಡಿ. ಮುಖ ತುಂಬಾ ಎಣ್ಣೆಯಾಗಿ ಮೊಡವೆ ಏಳುವ ಕಾಲೇಜು ಹುಡುಗರಿಗೆ ನಾನು ಸೆಟಾಫಿಲ್ ಬದಲು ಹಿಮಾಲಯದ ಬೇವಿನ ಫೇಸ್‌ವಾಶ್ ಕೊಡುತ್ತೇನೆ. ಅದೂ ಸೋಪಿಲ್ಲದ್ದು, ನೊರೆ ಬರುತ್ತದೆ, ಬೆಲೆ ಕಡಿಮೆ, ಚಿಕ್ಕ ಟ್ಯೂಬೂ ಸಿಗುತ್ತದೆ, ನಮ್ಮ ಬೆಂಗಳೂರಿನ ಕಂಪನಿ. ದಿನಕ್ಕೆ ಎರಡು ಸಲ ಸಾಕು. ರಾತ್ರಿ ತೊಳೆಯುವುದು ಮುಖ್ಯ. ಒಣ ಚರ್ಮದವರು ಬೆಳಿಗ್ಗೆ ಬರೀ ನೀರಲ್ಲಿ ತೊಳೆದರೂ ಏನೂ ಕಳೆದುಕೊಳ್ಳುವುದಿಲ್ಲ.

ಎರಡನೆಯದು ಹಚ್ಚಿಕೊಳ್ಳುವುದು. ನಿವಿಯಾ ಸಾಫ್ಟ್ ಹೊಸದಲ್ಲ, ದೊಡ್ಡ ಹೆಸರೂ ಅದಕ್ಕೆ ಬೇಕಿಲ್ಲ. ಜೊಜೊಬಾ ಎಣ್ಣೆ, ವಿಟಮಿನ್ ಇ ಇರುವ ಹಗುರ ಕ್ರೀಮು. ಪುಟ್ಟ ಡಬ್ಬಿಯಿಂದ ಹಿಡಿದು ದೊಡ್ಡದರವರೆಗೆ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಅದೇ ನಾನು ಇದನ್ನು ಆರಿಸಿದ್ದಕ್ಕೆ ಕಾರಣ. ಸಿಗದ ವಸ್ತುವನ್ನು ಯಾರೂ ದಿನಾ ಹಚ್ಚುವುದಿಲ್ಲ. ಪರಿಮಳವಿದೆ, ವಾಸನೆ ಆಗದವರು ಬೇರೆ ನೋಡಿಕೊಳ್ಳಬೇಕು. ಮುಖ ಒರೆಸಿದ ಮೇಲೆ ಪೂರ್ತಿ ಒಣಗಲು ಬಿಡದೆ, ಇನ್ನೂ ತೇವ ಇರುವಾಗಲೇ, ಕಡಲೆಬೀಜದಷ್ಟು ತೆಗೆದು ಹಚ್ಚಿ. ಇದನ್ನು ಒತ್ತಿ ಹೇಳುತ್ತೇನೆ. ಕ್ರೀಮು ಎಲ್ಲಿಂದಲೋ ನೀರು ತಂದು ಹಾಕುವುದಿಲ್ಲ, ಚರ್ಮದಲ್ಲಿರುವ ನೀರು ಆರಿಹೋಗದಂತೆ ಮೇಲಿಂದ ತಡೆಯುವುದೇ ಅದರ ದೊಡ್ಡ ಕೆಲಸ. ಒಣಗಿದ ಮೇಲೆ ಹಚ್ಚಿದರೆ ತಡೆಯುವುದಕ್ಕೆ ಒಳಗೆ ಏನು ಉಳಿದಿರುತ್ತದೆ?

ಮುಖ ತೊಳೆದ ಕೂಡಲೇ ಪೌಡರು ಹಚ್ಚುವ ರೂಢಿ ನಮ್ಮಲ್ಲಿ ಬಹಳ. ಪೌಡರು ಇರುವ ಚೂರು ಪಸೆಯನ್ನೂ ಹೀರುತ್ತದೆ. ಹಚ್ಚಲೇಬೇಕು ಅನ್ನುವವರು ಕ್ರೀಮಿನ ಮೇಲೆ ಹಚ್ಚಲಿ. ಕೊಬ್ಬರಿ ಎಣ್ಣೆ ಸಾಲದೇ ಅಂತ ಕೇಳುವ ಹಿರಿಯರಿಗೆ ನಾನು ಬೇಡ ಅನ್ನುವುದಿಲ್ಲ. ಕೈಕಾಲಿಗೆ ಒಳ್ಳೆಯದೇ. ಮೊಡವೆ ಬರುವ ವಯಸ್ಸಿನವರ ಮುಖಕ್ಕೆ ಮಾತ್ರ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ. ಎಣ್ಣೆ ಮುಖ ನಮ್ಮದು, ಕ್ರೀಮು ಯಾಕೆ ಅನ್ನುವವರಿಗೂ ಹೇಳುತ್ತೇನೆ, ಎಣ್ಣೆ ಬೇರೆ ನೀರು ಬೇರೆ. ಮಿರಿಮಿರಿ ಮಿನುಗುವ ಮುಖದ ಚರ್ಮವೂ ಒಳಗೆ ಒಣಗಿರಬಹುದು. ಅಂಥವರು ಕ್ರೀಮಿನ ಬದಲು ಜೆಲ್ ತರಹದ್ದು ತೆಗೆದುಕೊಳ್ಳಲಿ.

ಮೂರನೆಯದರ ಮೇಲೆಯೇ ನನಗೆ ಹೆಚ್ಚು ಆಸೆ. ಜನ ಹೆಚ್ಚು ಹಿಂಜರಿಯುವುದೂ ಅದಕ್ಕೇ.

"ಕಪ್ಪಗಿರೋರಿಗೆ ಸನ್‌ಸ್ಕ್ರೀನ್ ಯಾಕೆ ಬೇಕು ಮೇಡಂ?" ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ. ನಮ್ಮ ಬಣ್ಣ ನಮಗೊಂದು ಕೊಡೆ, ನಿಜ. ಬಿಸಿಲಿಗೆ ನಮ್ಮ ಚರ್ಮ ಬಿಳಿಯರದ್ದರಂತೆ ಕೂಡಲೇ ಸುಟ್ಟು ಕೆಂಪಾಗುವುದಿಲ್ಲ. ಆದರೆ ನಮ್ಮ ಚರ್ಮಕ್ಕೆ ಪೆಟ್ಟು ಬೀಳುವುದು ಬೇರೆ ಥರ. ಕಲೆ ಉಳಿಯುತ್ತದೆ, ಬಂಗು ಬರುತ್ತದೆ. ಮೊಡವೆ ಒಣಗಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ನಿಲ್ಲುವುದಕ್ಕೆ ಬಿಸಿಲೂ ಕಾರಣ. ಮಾರ್ಚಿನಿಂದ ಮೇವರೆಗೆ ದಕ್ಷಿಣ ಭಾರತದಲ್ಲಿ ನಡುಹಗಲಿನ ಯುವಿ ಸೂಚ್ಯಂಕ, ಅಂದರೆ ಬಿಸಿಲಿನ ಅತಿನೇರಳೆ ಕಿರಣದ ಅಳತೆ, 11 ದಾಟುವುದು ಸಾಮಾನ್ಯ, ಅದು ಅಳತೆಪಟ್ಟಿಯ ಕಟ್ಟಕಡೆಯ, ಅತಿ ಅಪಾಯದ ಮಟ್ಟ. ಬಸ್ಸು ಲಾರಿ ಓಡಿಸುವವರ ಎಡಗೆನ್ನೆ, ಬಲಗೆನ್ನೆ ಹೋಲಿಸಿ ನೋಡಿ. ಕಿಟಕಿಯ ಕಡೆಯದು ಗಾಢವಾಗಿರುತ್ತದೆ. ಗಾಜು ಮುಚ್ಚಿದ್ದರೂ ಯುವಿಎ ಅನ್ನುವ ಬಗೆಯ ಅತಿನೇರಳೆ ಕಿರಣ ಅದರೊಳಗಿಂದ ತೂರಿ ಬರುತ್ತದೆ.

ನಮ್ಮ ಅತ್ತೆಯವರಿಗೆ ಎರಡೂ ಕೆನ್ನೆಯ ಮೇಲೆ ಬಂಗು ಇದೆ. ಹೆರಿಗೆಯ ನಂತರ ಶುರುವಾಗಿದ್ದಂತೆ, ಬೇಸಿಗೆ ಬಂದರೆ ಹಣೆಗೂ ಹಬ್ಬುತ್ತಿತ್ತು. ಸನ್‌ಸ್ಕ್ರೀನ್ ಹಚ್ಚತೊಡಗಿದ ಮೇಲೆ ಬಂಗು ಮಾಯವಾಯಿತು ಅಂತ ನಾನು ಹೇಳಲಾರೆ, ಅದಕ್ಕೆ ಡಾಕ್ಟರೇ ಬೇಕು. ಆದರೆ ಬೇಸಿಗೆಯಲ್ಲಿ ಹಬ್ಬುವುದು ನಿಂತಿದೆ. ಈಗ ಅವರೇ ಸಂತೆಗೆ ಹೊರಡುವ ಮುಂಚೆ, "ಆ ಬಿಸಿಲಿನ ಟ್ಯೂಬು ಕೊಡಮ್ಮ" ಅಂತ ಕೇಳಿ ಇಸಿದುಕೊಳ್ಳುತ್ತಾರೆ.

ಲೋಟಸ್‌ನ ಈ ಜೆಲ್ಲನ್ನೇ ನಾನು ಮೆಚ್ಚುವುದಕ್ಕೆ ಕಾರಣ, ಅದು ಮುಖದ ಮೇಲೆ ಕಾಣುವುದಿಲ್ಲ. ಕೆಲವು ಸನ್‌ಸ್ಕ್ರೀನುಗಳು ನಮ್ಮ ಬಣ್ಣದ ಮುಖಕ್ಕೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡು ಕೂರುತ್ತವೆ. ಒಂದು ಸಲ ಹಾಗಾದರೆ ಗಂಡಸರು ಮತ್ತೆ ಮುಟ್ಟುವುದಿಲ್ಲ. ನನ್ನ ತಮ್ಮ ಕಡಲೆಕಾಯಿ ಮಂಡಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಇದನ್ನು ಕೊಟ್ಟಾಗ, "ಅಕ್ಕ, ಇದ್ನೆಲ್ಲ ಹಚ್ಕಂಡು ಮಂಡಿಗೆ ಹೋದ್ರೆ ಹಮಾಲ್ರು ಏನಂತಾರೆ?" ಅಂದ. "ಹಚ್ಕಂಡಿದೀಯ ಅಂತ ಯಾರಿಗೂ ಕಾಣಲ್ಲ ಕಣೋ, ನೀನು ಹೇಳಿದ್ರೆ ಮಾತ್ರ ಗೊತ್ತಾಗೋದು" ಅಂದೆ. ಈಗ ಖಾಲಿಯಾದ ಟ್ಯೂಬು ತೋರಿಸಿ ಇನ್ನೊಂದು ತೆಗೆದುಕೊಂಡು ಹೋಗುತ್ತಾನೆ. ಬೆವರಿಗೆ ಕಣ್ಣೊಳಗೆ ಇಳಿದರೆ ಉರಿ ಬರಬಹುದು, ಹಾಗಾಗಿ ರೆಪ್ಪೆಯ ಹತ್ತಿರ ಹಚ್ಚದೆ ಚೂರು ದೂರ ಬಿಡಿ.

ಎಸ್‌ಪಿಎಫ್ 30 ಇರುವುದು ಚರ್ಮ ಸುಡುವ ಕಿರಣದಲ್ಲಿ ಶೇಕಡಾ 97ರಷ್ಟನ್ನು ತಡೆಯುತ್ತದೆ, 50 ಇದ್ದರೆ ಶೇಕಡಾ 98. ವ್ಯತ್ಯಾಸ ಅಷ್ಟೇ. 30ಕ್ಕಿಂತ ಕಡಿಮೆಯದ್ದು ಬೇಡ, 50ಕ್ಕಿಂತ ಮೇಲಿನ ದೊಡ್ಡ ಅಂಕಿಗೆ ದುಡ್ಡು ಸುರಿಯುವುದೂ ಬೇಡ. ಜೊತೆಗೆ ಪಿಎ ಅಂತ ಬರೆದು ಪಕ್ಕದಲ್ಲಿ ಕೂಡುವ ಚಿಹ್ನೆಗಳಿರುತ್ತವೆ, ಅದು ಯುವಿಎ ತಡೆಯುವ ಶಕ್ತಿ, ಮೂರಾದರೂ ಇರಲಿ. ಡಬ್ಬದ ಮೇಲಿನ ಅಂಕಿ ನಿಜವಾಗಬೇಕಾದರೆ ಹಚ್ಚುವ ಪ್ರಮಾಣವೂ ಅಷ್ಟಿರಬೇಕು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖಕ್ಕೂ ಕತ್ತಿಗೂ ಆಗುತ್ತದೆ. ನಮ್ಮವರು ಬೊಟ್ಟಿಟ್ಟ ಹಾಗೆ ಒಂದು ಚುಕ್ಕೆ ಹಚ್ಚಿ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಮನೆ ಬಿಡುವ ಕಾಲು ಗಂಟೆ ಮುಂಚೆ ಹಚ್ಚಿ. ದಿನವಿಡೀ ಹೊರಗಿದ್ದು ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಹೊಲದಲ್ಲಿ ದುಡಿಯುವವರಿಗೆ ಅಷ್ಟು ಸಲ ಹಚ್ಚುವುದು ಆಗದ ಮಾತು, ಆ ಖರ್ಚೂ ಹೊರೆ. ಅವರು ತಲೆಗೆ ಸುತ್ತಿ ಕೆನ್ನೆ ಮುಚ್ಚುವಂತೆ ಟವೆಲ್ ಕಟ್ಟಿಕೊಳ್ಳಲಿ, ಹೆಣ್ಣುಮಕ್ಕಳು ಸೆರಗು ಮರೆ ಮಾಡಿಕೊಳ್ಳಲಿ, ಕೊಡೆ ಹಿಡಿಯಲಿ. ಇದು ಸನ್‌ಸ್ಕ್ರೀನಿಗಿಂತ ಕಡಿಮೆ ಅಂತ ತಿಳಿಯಬೇಡಿ. ದಪ್ಪ ಬಟ್ಟೆಯ ನೆರಳು ಬೆವರಿಗೆ ಕರಗಿ ಇಳಿಯುವುದಿಲ್ಲ.

ಖರ್ಚಿನ ಲೆಕ್ಕ ನಾನೇ ಹಾಕಿ ನೋಡಿದ್ದೇನೆ. ಕ್ಲೆನ್ಸರ್, ಕ್ರೀಮು ಒಬ್ಬರಿಗೆ ಎರಡು ತಿಂಗಳ ಹತ್ತಿರ ಬರುತ್ತವೆ, ಸನ್‌ಸ್ಕ್ರೀನ್ 50 ಗ್ರಾಂ ದಿನಕ್ಕೊಮ್ಮೆ ಸರಿಯಾಗಿ ಹಚ್ಚಿದರೆ ಒಂದೂವರೆ ತಿಂಗಳು. ತಿಂಗಳಿಗೆ ಸುಮಾರು 500 ರೂಪಾಯಿ ಆಗುತ್ತದೆ. ಕಡಿಮೆಯೇನಲ್ಲ. ಅಷ್ಟು ಆಗದವರಿಗೆ ನಾನು ಹೇಳುವ ದಾರಿ ಬೇರೆ. ಚಿಕ್ಕ ಟ್ಯೂಬಿನ ಸೋಪಿಲ್ಲದ ಫೇಸ್‌ವಾಶ್, ಮಲಗುವ ಮುಂಚೆ ಒದ್ದೆ ಮುಖಕ್ಕೆ ತೆಳ್ಳಗೆ ವ್ಯಾಸಲೀನ್, ಹಗಲಿಗೆ ಕೊಡೆ. ಮೊಡವೆ ಇದ್ದವರು ವ್ಯಾಸಲೀನ್ ಬಿಟ್ಟು ಹಗುರವಾದ ಕ್ರೀಮಿನ ಪುಟ್ಟ ಡಬ್ಬಿ ತರಲಿ. ಸೀರಂ, ಟೋನರ್, ಸ್ಕ್ರಬ್, ಹಾಳೆ ಮಾಸ್ಕ್ ಯಾವುದೂ ಶುರುವಿಗೆ ಬೇಕಿಲ್ಲ. ಕಡಲೆಹಿಟ್ಟನ್ನು ದಿನಾ ಒರಟಾಗಿ ತಿಕ್ಕಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ನಿಲ್ಲುತ್ತದೆ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವುದನ್ನಂತೂ ದಯವಿಟ್ಟು ಬಿಡಿ.

ಶುರು ಮಾಡುವವರು ಮೂರನ್ನೂ ಒಂದೇ ದಿನ ಹಚ್ಚಬಾರದು. ಮೊದಲು ಕ್ಲೆನ್ಸರ್, ಒಂದು ವಾರ ಬಿಟ್ಟು ಕ್ರೀಮು, ಮತ್ತೊಂದು ವಾರಕ್ಕೆ ಸನ್‌ಸ್ಕ್ರೀನ್. ಯಾವುದಾದರೂ ಆಗದಿದ್ದರೆ ಯಾವುದು ಅಂತ ಆಗ ತಿಳಿಯುತ್ತದೆ. ಮುಖಕ್ಕೆ ಹಚ್ಚುವ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ಒಂದೆರಡು ದಿನ ನೋಡಿ. ಬೆಳ್ಳಗಾಗುತ್ತೇನೆ ಅನ್ನುವ ಆಸೆಯಿಂದ ಶುರು ಮಾಡಬೇಡಿ, ಈ ಮೂರರಲ್ಲಿ ಯಾವುದನ್ನೂ ನಾನು ಅದಕ್ಕೆಂದು ಕೊಡುವುದಿಲ್ಲ. ಚರ್ಮ ಬಿಗಿಯುವುದು, ತುರಿಸುವುದು, ಪೊರೆ ಏಳುವುದು ನಿಲ್ಲುತ್ತದೆ, ಕ್ಷೌರ ಮಾಡಿಕೊಂಡ ಮೇಲಿನ ಉರಿ ಇಳಿಯುತ್ತದೆ. ನಾನು ಭರವಸೆ ಕೊಡುವುದು ಇಷ್ಟಕ್ಕೆ.

ಬೆಳ್ಳಗಾಗುವ ಟ್ಯೂಬಿನ ಮಾತು ಬಂದರೆ ನನಗೆ ನಿಜವಾಗಿ ಭಯವಾಗುತ್ತದೆ. ತುರಿಕೆಗೆ, ಇಸುಬಿಗೆ ಅಂತ ಇರುವ ಸ್ಟಿರಾಯ್ಡ್ ಕ್ರೀಮನ್ನು ಹೆಣ್ಣುಮಕ್ಕಳು ಮುಖಕ್ಕೆ ದಿನಾ ಹಚ್ಚುತ್ತಾರೆ. ಪಕ್ಕದ ಮನೆಯವಳು ಹೇಳಿದಳು, ವಾರದಲ್ಲಿ ಬಣ್ಣ ಬಂತು, ಇನ್ನೊಂದು ಕೊಡಿ ಅಂತ ಬರುತ್ತಾರೆ. ಬಣ್ಣ ಬರುವುದು ಮೊದಲ ಕೆಲವು ವಾರ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಕೆನ್ನೆ ಕೆಂಪಾಗಿ ಉರಿಯುತ್ತದೆ, ಮೊಡವೆ ಗುಂಪುಗುಂಪಾಗಿ ಏಳುತ್ತದೆ, ಹೆಣ್ಣುಮಕ್ಕಳ ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ ತಡೆಯಲಾಗದೆ ಮತ್ತೆ ಅದೇ ಟ್ಯೂಬಿಗೆ ಹೋಗುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಡಾಕ್ಟರ ಚೀಟಿಯಿಲ್ಲದೆ ಮಾರುವ ಹಾಗಿಲ್ಲ. ಚೀಟಿ ಇಲ್ಲ ಅಂದರೆ ನಾನು ಕೊಡುವುದಿಲ್ಲ, ಬೈಸಿಕೊಂಡರೂ ಸರಿ. ಹೆಸರು ಮುದ್ರೆ ಏನೂ ಇಲ್ಲದ, ಹೊರದೇಶದ್ದು ಅಂತ ಕೈಯಿಂದ ಕೈಗೆ ಮಾರುವ ಬಿಳುಪಿನ ಕ್ರೀಮುಗಳು ಇನ್ನೊಂದು ಕೇಡು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥವನ್ನು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದಿದ್ದು 2023ರಲ್ಲಿ ದೊಡ್ಡ ಸುದ್ದಿಯಾಗಿತ್ತು, ಕ್ರೀಮಿನಲ್ಲಿದ್ದ ಪಾದರಸವೇ ಅದಕ್ಕೆ ಕಾರಣ ಎಂದು ವರದಿಯಾಗಿತ್ತು. ಯಾವುದನ್ನು ಕೊಂಡರೂ ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಾರೀಖು ಇದೆಯೇ ನೋಡಿ, ಬಿಲ್ಲು ಕೇಳಿ ಇಸಿದುಕೊಳ್ಳಿ.

ಕೀವು ತುಂಬಿದ ಗಟ್ಟಿ ಮೊಡವೆ, ದಿನದಿಂದ ದಿನಕ್ಕೆ ಹಿಗ್ಗುವ ಬಂಗು, ಬಣ್ಣ ಬದಲಾಗುವ ಮಚ್ಚೆ, ವಾಸಿಯಾಗದ ಹುಣ್ಣು ಇದ್ದವರು ಈ ಮೂರು ಸಾಮಾನಿನ ಹಿಂದೆ ಕಾಲ ಕಳೆಯಬೇಡಿ. ಇಷ್ಟು ದಿನ ಸ್ಟಿರಾಯ್ಡ್ ಹಚ್ಚಿದವರೂ ತಾವಾಗಿಯೇ ಬಿಟ್ಟು ಸುಮ್ಮನೆ ಕೂರಬೇಡಿ. ಚರ್ಮದ ಡಾಕ್ಟರ ಹತ್ತಿರ ಹೋಗಿ, ಖಾಸಗಿಗೆ ಆಗದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೋಗುವಾಗ ಇದುವರೆಗೆ ಮುಖಕ್ಕೆ ಹಚ್ಚಿದ ಟ್ಯೂಬು, ಡಬ್ಬಿ ಎಲ್ಲವನ್ನೂ, ಖಾಲಿಯಾಗಿದ್ದರೂ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ನಿಮಗೆ ಹೆಸರು ನೆನಪಿಲ್ಲದಿದ್ದರೂ ಅವರು ಓದಿ ತಿಳಿದುಕೊಳ್ಳುತ್ತಾರೆ.